ಮೂಲೆ ಮಂಚದ ಲ್ಯಾಬ್ ಸಾರ್

ಅವರು ತೀರಿಕೊಂಡ ಮೂರನೆಯ ದಿನಕ್ಕೆ ನಮ್ಮೂರ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಎದ್ದಿತ್ತು. ಮುಕ್ಕಾಲು ಪಾಲು ಸಿನಿಮಾ ಹೀರೋನ ಮುಖ, ಗಡ್ಡ, ಕಣ್ಣಲ್ಲಿ ನೀರು. ಬಲಗಡೆ ಕೆಳಗೆ ಅಂಚೆಚೀಟಿಯಷ್ಟು ಜಾಗದಲ್ಲಿ ನಮ್ಮ ಲ್ಯಾಬ್ ಸಾರ್. ಯಾವುದೋ ಹಳೆಯ ಗುರುತಿನ ಚೀಟಿಯ ಫೋಟೋ ಹಿಗ್ಗಿಸಿ, ಮೀಸೆಗೆ ಕಪ್ಪು ಬಳಿದಿದ್ದರು. 'ಖ್ಯಾತ ಚಿತ್ರಕಥೆಗಾರರು, ನಮ್ಮ ನೆಲದ ಹೆಮ್ಮೆ' ಎಂದು ಬರೆದು ಅವರ ಪೂರ್ತಿ ಹೆಸರು, ತಂದೆಯ ಹೆಸರು, ಕೆಲಸ ಮಾಡಿದ ಆಸ್ಪತ್ರೆಯ ಹೆಸರು, ಎಲ್ಲವನ್ನೂ ಗೇಣುದ್ದದ ಅಕ್ಷರದಲ್ಲಿ ಹಾಕಿಸಿದ್ದರು.

ಫ್ಲೆಕ್ಸ್ ಕಟ್ಟಿಸಿದ ಸಂಘದ ಅಧ್ಯಕ್ಷ ಎದುರಿನ ಹೋಟೆಲಿನ ಮೆಟ್ಟಿಲ ಮೇಲೆ ಟೀ ಕುಡಿಯುತ್ತಿದ್ದ. ನನ್ನನ್ನು ಕಂಡು ಅಲ್ಲಿಂದಲೇ ಕೂಗಿದ.

"ಸಿಸ್ಟ್ರಮ್ಮ, ಹೆಂಗೈತೆ? ಬೆಂಗ್ಳೂರಲ್ಲಿ ಪ್ರಿಂಟ್ ಹಾಕ್ಸಿದ್ದು ಕಣ್ರೀ."

"ಹೆಸರು ತೆಗೆಸಪ್ಪ," ಅಂದೆ.

"ಯಾರ್ದು?"

"ಸತ್ತೋರದ್ದು."

ಅವನು ನನ್ನನ್ನು ನೋಡಿದ ನೋಟದಲ್ಲಿ 'ಪಾಪ, ಮುದುಕಿಗೆ ತಲೆ ಕೆಟ್ಟಿದೆ' ಅನ್ನುವುದು ಸ್ಪಷ್ಟವಾಗಿತ್ತು. ಕೆಟ್ಟೇ ಇತ್ತು. ತನ್ನ ಹೆಸರನ್ನು ಆ ಸಿನಿಮಾದಿಂದ ತೆಗೆಸಬೇಕು ಅಂತ ಕೊನೆಯ ನಾಲ್ಕು ತಿಂಗಳು ಒದ್ದಾಡಿ ಒದ್ದಾಡಿ ಪ್ರಾಣ ಬಿಟ್ಟ ಮನುಷ್ಯ ಅವರು. ಆ ಹೆಸರಿನ ದಾರಿ ಹಿಡಿದು ಹೊರಟರೆ ಒಬ್ಬ ಹೆಂಗಸಿನ ಮನೆ ಬಾಗಿಲು ಸಿಗುತ್ತಿತ್ತು. ಅದಕ್ಕೆ ಅವರಿಗೆ ಆ ಹೆಸರು ಬೇಡವಾಗಿತ್ತು. ಇದು ಊರಿಗೆ ಗೊತ್ತಿಲ್ಲ ಅಂತ ಅಲ್ಲ. ಹೇಳಿದರೆ ತಲೆಗೆ ಹಾಕಿಕೊಳ್ಳುವವರು ಯಾರೂ ಇರಲಿಲ್ಲ.

ನಾನು ನರ್ಸು. ನಮ್ಮ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಅವರು ಅದೇ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ತೆಂಗಿನ ಗರಿಯ ಕಡ್ಡಿಯಂಥ ಆಳು. ಬುಶ್‌ಶರ್ಟಿನ ಜೇಬಿನಲ್ಲಿ ಒಂದು ಹಸಿರು ಶಾಯಿಯ ಪೆನ್ನು, ಒಂದು ಹತ್ತಿಯ ಉಂಡೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಪೌರಾಣಿಕ ನಾಟಕದ ಕಂದಪದ್ಯ ಗುನುಗುವ ಚಾಳಿ. ಶ್ರುತಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಅವರ ಊರಿನ ನಾಟಕದ ತಂಡದಲ್ಲಿ ಹಾರ್ಮೋನಿಯಂ ಮೇಷ್ಟ್ರು ಇವರ ಗಂಟಲು ಕೇಳಿ, ಮಾತೇ ಇಲ್ಲದ ದ್ವಾರಪಾಲಕನ ಪಾತ್ರ ಕೊಟ್ಟಿದ್ದರಂತೆ. "ಮೂರು ವರ್ಷ ಕೌರವನ ಬಾಗಿಲು ಕಾದಿದ್ದೀನಿ ಸಿಸ್ಟ್ರೇ, ಒಬ್ಬರನ್ನೂ ಒಳಗೆ ಬಿಟ್ಟಿಲ್ಲ," ಅನ್ನುತ್ತಿದ್ದರು.

ರಕ್ತದ ಕಾಗದದ ವಿಷಯದಲ್ಲೂ ಅವರು ಬಾಗಿಲು ಕಾಯುವವರೇ. ರಿಪೋರ್ಟನ್ನು ನಾಲ್ಕು ಮಡಿಕೆ ಮಡಿಸಿ ರಕ್ತ ಕೊಟ್ಟವರ ಕೈಗೇ ಕೊಡುವರು. ಗಂಡನ ಕೈಗಿಲ್ಲ, ಅತ್ತೆಯ ಕೈಗಿಲ್ಲ. ಒಮ್ಮೆ ದೊಡ್ಡ ತೋಟದ ಯಜಮಾನರೊಬ್ಬರು, ಬಿಳೀ ಪಂಚೆ, ಕೈಗೆ ಚಿನ್ನದ ಗಡಿಯಾರ, ಮಗಳಿಗೆ ನೋಡಿದ್ದ ಗಂಡಿನ ರಕ್ತದಲ್ಲಿ ಏನಿದೆ ಅಂತ ಕೇಳಲು ಬಂದರು.

"ಏನ್ರೀ, ನಮ್ಮ ಹುಡುಗಿ ಜೀವನದ ಪ್ರಶ್ನೆ."

"ಹುಡುಗನ್ನೇ ಕೇಳಿ ಯಜಮಾನ್ರೇ. ಬಾಯಿದೆ ಅವನಿಗೆ."

"ನಾನು ಯಾರು ಗೊತ್ತಾ?"

"ಗೊತ್ತು. ನಿಮ್ಮ ರಕ್ತಾನೂ ನೋಡಿದ್ದೀನಿ. ಅದನ್ನ ಅವನು ಬಂದು ಕೇಳಿದ್ರೂ ಹೇಳಲ್ಲ."

ಯಜಮಾನರು ಬಂದ ದಾರಿ ಹಿಡಿದರು. ಮೂರು ತಿಂಗಳಲ್ಲಿ ಲ್ಯಾಬ್ ಸಾರ್‌ಗೆ ವರ್ಗಾವಣೆಯ ಕಾಗದ ಬಂತು. ಒಂದೂವರೆ ವರ್ಷ ಎಲ್ಲೋ ಇದ್ದು ಮತ್ತೆ ಬಂದರು, ಅದೇ ಪೆನ್ನು, ಅದೇ ಕಂದಪದ್ಯ.

ಈಗ ಆ ಮಂಚದ ಮಾತು. ಮೂವತ್ತು ವರ್ಷಕ್ಕೂ ಹಿಂದಿನದು. ಏಡ್ಸ್ ಅನ್ನುವ ಹೆಸರನ್ನು ನಾವು ಪೇಪರಿನಲ್ಲಿ ಓದಿದ್ದೆವು, ಅದು ಬೊಂಬಾಯಿಯ ಕಾಯಿಲೆ, ಅಮೆರಿಕದ ಕಾಯಿಲೆ ಅಂದುಕೊಂಡಿದ್ದೆವು. ಆಗ ಒಬ್ಬ ಲಾರಿ ಡ್ರೈವರ್ ಬಂದ. ತಿಪಟೂರಿನ ಕೊಬ್ಬರಿಯನ್ನು ಉತ್ತರದ ಕಡೆಗೆ ಸಾಗಿಸುತ್ತಿದ್ದವನು. ವಯಸ್ಸು ಮೂವತ್ತೂ ಇರಲಿಲ್ಲ. ಜ್ವರ, ಭೇದಿ, ಬಾಯಿ ತುಂಬ ಹುಣ್ಣು. ರಕ್ತ ಬೆಂಗಳೂರಿಗೆ ಹೋಗಿ, ಉತ್ತರ ಬರುವ ಹೊತ್ತಿಗೆ ಅವನು ಎದ್ದು ಕೂರಲಾರದ ಹಾಗೆ ಆಗಿದ್ದ.

ರಿಪೋರ್ಟ್ ಬಂದ ದಿನವೇ ಅವನ ಮಂಚವನ್ನು ವಾರ್ಡಿನಿಂದ ಎತ್ತಿ, ವರಾಂಡದ ಕೊನೆಗೆ, ಕಕ್ಕಸಿನ ಗೋಡೆಗೆ ಒತ್ತಿ ಹಾಕಿದರು. ತಲೆಯ ಮೇಲಿನ ಗೋಡೆಗೆ ಕೆಂಪು ಅಕ್ಷರದ ಚೀಟಿ ಅಂಟಿಸಿದರು. ಡಾಕ್ಟರು ವಾರ್ಡಿನ ಬಾಗಿಲಲ್ಲೇ ನಿಂತು "ಹೇಗಿದ್ದೀಯಪ್ಪ" ಅನ್ನುತ್ತಿದ್ದರು. ಆಯಾ ಕಾಲಿನಿಂದ ಬಕೆಟ್ ತಳ್ಳುತ್ತಿದ್ದಳು. ನಾನೇನು ಮಾಡುತ್ತಿದ್ದೆ? ಮಾತ್ರೆಯನ್ನು ಅವನ ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟು ಓಡಿಬರುತ್ತಿದ್ದೆ. ಅವನಿಗೆ ಕೈ ಎಟುಕುತ್ತಿರಲಿಲ್ಲ. ಎರಡು ದಿನ ಆ ಮಾತ್ರೆಗಳು ಅಲ್ಲೇ ಇದ್ದವು. ಇದನ್ನು ಇನ್ನೊಬ್ಬರ ತಪ್ಪು ಅಂತ ಬರೆಯಲು ನನಗೂ ಆಸೆಯಿದೆ. ಆದರೆ ಇಟ್ಟ ಕೈ ನನ್ನದು.

ಮೂರನೆಯ ದಿನ ಲ್ಯಾಬ್ ಸಾರ್ ಬಂದು ಆ ಕೆಂಪು ಚೀಟಿ ಕಿತ್ತು, ಉಂಡೆ ಮಾಡಿ ಜೇಬಿಗೆ ಹಾಕಿಕೊಂಡು, ಅವನ ಮಂಚದ ಮೇಲೆ ಕೂತರು. ಕಿಟಕಿಯ ಮಾತ್ರೆಗಳನ್ನು ತೆಗೆದು ಅವನ ಅಂಗೈಗೆ ಹಾಕಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಮಾರನೆಯ ದಿನದಿಂದ ಮಾತ್ರೆ ನಾನೇ ಕೈಗೆ ಕೊಟ್ಟೆ.

ಅವನ ಹೆಂಡತಿ ಊರಿನಿಂದ ಬಸ್ಸಿನಲ್ಲಿ ಮುದ್ದೆ, ಸಾರು ತರುತ್ತಿದ್ದಳು. ಊರು ಹಾಲ್ಕುರಿಕೆ ಕಡೆಯದೋ ಕೆಂಕೆರೆ ಕಡೆಯದೋ ಕೇಳಬೇಡಿ. ಇಪ್ಪತ್ತೈದು ದಾಟದ ಹೆಂಗಸು, ಸೊಂಟದಲ್ಲಿ ಒಂದು ಹೆಣ್ಣುಮಗು. ಅವನು ಒಂದೆರಡು ತುತ್ತು ಉಂಡು ಬಿಟ್ಟದ್ದನ್ನು ಅದೇ ತಟ್ಟೆಯಲ್ಲಿ, ಅವನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಳು. ಲ್ಯಾಬ್ ಸಾರ್ ಅದನ್ನು ನೋಡಿ ನೋಡಿ ಒಂದು ದಿನ ನನಗೆ ಹೇಳಿದರು, "ಡಾಕ್ಟ್ರಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿದೆ ಸಿಸ್ಟ್ರೇ." ಆಮೇಲೆ ಅವಳ ರಕ್ತವನ್ನೂ ತೆಗೆದರು. ಆ ಕಾಗದದಲ್ಲಿ ಏನಿತ್ತು ಅನ್ನುವುದನ್ನು ನನಗೆ ಅವತ್ತೂ ಹೇಳಲಿಲ್ಲ, ಸಾಯುವವರೆಗೂ ಹೇಳಲಿಲ್ಲ.

ಅವನು ಸತ್ತ. ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸುಡಲೇಬೇಕು ಅಂತ ಹೇಳಿ ಕಳಿಸಿದರು. ಅವರದ್ದು ಕೂರಿಸಿ ಹೂಳುವ ಮನೆತನ. ಅಪ್ಪ ಅಜ್ಜ ಎಲ್ಲರ ಗದ್ದುಗೆ ಅವರವರ ತೋಟದಲ್ಲೇ ಇದೆ. ಅಣ್ಣಂದಿರು ಸುಡುವುದಕ್ಕೆ ತಯಾರಾದರು, ಹೆಂಡತಿ ಒಪ್ಪಲಿಲ್ಲ. "ಹಂಗಾದ್ರೆ ನಿನ್ ಪಾಲಿನ ತೋಟದಾಗೆ ಹೂತ್ಕೋ" ಅಂದರು. ಮರುಗಳಿಗೆಯಲ್ಲೇ ಅವರಿಗೆ ಇನ್ನೊಂದು ಭಯ ಹುಟ್ಟಿತು. ಬೇರು ಅವನನ್ನು ಮುಟ್ಟುತ್ತೆ, ಮರ ಹೀರುತ್ತೆ, ಕಾಯಿಲೆ ಎಳನೀರಿಗೆ ಇಳಿಯುತ್ತೆ! ತೆಂಗಿನ ಸೀಮೆಯವರಲ್ಲದೆ ಇಂಥ ಭಯ ಯಾರಿಗೆ ಹೊಳೆದೀತು. ನಗಬೇಡಿ. ಅವತ್ತು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಾವೂ ಅರೆಗಳಿಗೆ ಯೋಚಿಸಿದ್ದೆವು.

ಕೊನೆಗೆ ಗುಂಡಿಗೆ ಇಳಿದು ಹೆಣವನ್ನು ಕೂರಿಸಿದ್ದು ಲ್ಯಾಬ್ ಸಾರ್. ಪ್ಲಾಸ್ಟಿಕ್ ಬಿಚ್ಚಿ, ಹಣೆಗೆ ವಿಭೂತಿ ಹಚ್ಚಿದ್ದೂ ಅವರೇ. ಅಯ್ನೋರು ಬೇಲಿಯ ಆಚೆ ನಿಂತು ಮಂತ್ರ ಹೇಳಿದರು. ಮುಂದಿನ ವರ್ಷ ಅವಳು ಅಟ್ಟದಲ್ಲಿ ಒಣಗಿದ ಕೊಬ್ಬರಿ ಮಂಡಿಗೆ ತಂದಾಗ ಒಬ್ಬ ಮಂಡಿಯವನು ಚೀಲವನ್ನೇ ಬಿಚ್ಚಿಸಲಿಲ್ಲ. "ಆ ತೋಟದ್ದು ನಂಗ್ ಬ್ಯಾಡ ಕಣಮ್ಮ, ಬೇರೆ ಕಡೆ ನೋಡ್ಕೋ," ಅಂದ. ಈ ಸುದ್ದಿ ಕೇಳಿದ ದಿನ ಲ್ಯಾಬ್ ಸಾರ್ ಮೂರು ದಿನ ರಜೆ ಹಾಕಿದರು. ನಾಲ್ಕನೆಯ ದಿನ ಹಸಿರು ಶಾಯಿಯಲ್ಲಿ ಬರೆದ ಒಂದು ನೋಟ್‌ಬುಕ್ ಹಿಡಿದು ಬಂದರು. ಮೇಲೆ 'ಮೂಲೆ ಮಂಚ' ಅಂತ ಬರೆದಿತ್ತು. ಅವರು ಜೀವನದಲ್ಲಿ ಬರೆದ ಒಂದೇ ನಾಟಕ.

"ಸಿಸ್ಟ್ರೇ, ನೀವು ಹೆಂಡತಿ ಪಾತ್ರ ಮಾಡ್ಬೇಕು."

"ನನಗೆ ನಾಟಕ ಬರಲ್ಲ ಸಾರ್."

"ನನಗೆ ಬರ್ತದಾ? ಮಾತ್ರೆ ಕಿಟಕಿ ಮೇಲಿಟ್ಟ ಕೈ ಅಲ್ವಾ ಅದು, ತಟ್ಟೇಲಿ ಅನ್ನ ಕಲಸಲಿ."

ಆ ಮಾತು ಚಪ್ಪಲಿಯಲ್ಲಿ ಹೊಡೆದಂತಿತ್ತು. ಒಪ್ಪಿಕೊಂಡೆ.

ರಂಗಮಂದಿರ ಯಾರೂ ಕೊಡಲಿಲ್ಲ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜಿನ ದಿನ ಲಾರಿಗಳು ಲೋಡಿಗೆ ಕಾದು ನಿಂತಿರುತ್ತವೆ. ಅಂಥ ಒಂದು ಖಾಲಿ ಲಾರಿಯ ಹಿಂದಿನ ಹಲಗೆ ಇಳಿಸಿ, ಮೇಲೆ ಆಸ್ಪತ್ರೆಯ ಮುರುಕು ಮಂಚ ಹಾಕಿ, ಮಟಮಟ ಮಧ್ಯಾಹ್ನ ನಾಟಕ ಆಡಿದೆವು. ಅವರೇ ರೋಗಿ. ಮೈಕಟ್ಟು ಅದಕ್ಕೆ ಹೇಳಿ ಮಾಡಿಸಿದ್ದು. ಅಣ್ಣ, ಡಾಕ್ಟರು, ನೆಂಟರು, ಎಲ್ಲರೂ ಮಂಚದ ಸುತ್ತ ಸುತ್ತುತ್ತ ಒಂದೇ ಪ್ರಶ್ನೆ ಕೇಳುತ್ತಾರೆ: "ಎಲ್ಲಿಂದ ತಂದೆ ಇದನ್ನ?" ಅವನು ಉತ್ತರ ಕೊಡುವುದಿಲ್ಲ. "ಉಪ್ಪು ತಿಂದೋನು ನೀರು ಕುಡೀಲೇಬೇಕು," ಅನ್ನುತ್ತಾನೆ ಅಣ್ಣ. "ಹಾಗಾದರೆ ನೀರು ಕೊಡು," ಅನ್ನುತ್ತಾನೆ ಅವನು. ಯಾರೂ ಕೊಡುವುದಿಲ್ಲ. ಆಮೇಲೆ ನಾನು ಬಂದು ಅವನ ತಟ್ಟೆಯಲ್ಲಿ ಉಣ್ಣುತ್ತೇನೆ. ಅಲ್ಲಿ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆ ಪಾತ್ರಕ್ಕಾಗಿ ಊರೂರಲ್ಲಿ ನನ್ನನ್ನು ಹೊಗಳಿದರು, ನಾನೂ ಹಿಗ್ಗಿದೆ.

ಕೊನೆಯೇ ನಾಟಕದ ಪ್ರಾಣ. ಸತ್ತವನು ಎದ್ದು ನಿಂತು, ಪಾತ್ರ ಬಿಟ್ಟು, ಒಂದು ಎಳನೀರು ಕೊಚ್ಚಿ, ಅರ್ಧ ಕುಡಿದು, ಜನರ ಮುಂದೆ ಹಿಡಿಯುತ್ತಾನೆ. "ಇದು ಅವನನ್ನು ಹೂತ ತೋಟದ್ದು. ಅರ್ಧ ನಾನು ಕುಡಿದಿದ್ದೀನಿ. ಮಿಕ್ಕಿದ್ದು ನಿಮ್ಮಲ್ಲಿ ಒಬ್ಬರು ಕುಡಿಯೋ ತನಕ ನಾಟಕ ಮುಗಿಯಲ್ಲ."

ಮೊದಲ ದಿನ ಅರ್ಧ ಗಂಟೆ ಯಾರೂ ಮಿಸುಕಲಿಲ್ಲ. ಡ್ರೈವರುಗಳು ನೆಲ ನೋಡಿದರು. ಹಿಂದಿನ ಲಾರಿಯವನು ಹಾರನ್ ಹೊಡೆದ. ಅವರು ಕೈ ಇಳಿಸಲಿಲ್ಲ. ಆಗ ಕೊಬ್ಬರಿ ಆಯುವ ಒಬ್ಬ ಮುದುಕಿ ಜನರನ್ನು ತಳ್ಳಿಕೊಂಡು ಮುಂದೆ ಬಂದಳು.

"ತತ್ತಾರಪ್ಪ ಇತ್ಲಾಗಿ. ನಂಗ್ ಬಾಯಾರ್ಕೆ. ನಿನ್ ನಾಟ್ಕ ಮುಗೀಲಿ, ನಂಗ್ ಕೆಲ್ಸ ಐತೆ."

ಗಟಗಟ ಕುಡಿದು, ಬುರುಡೆಯನ್ನು ಅವರ ಕೈಗೇ ವಾಪಸು ಕೊಟ್ಟು ಹೋದಳು. ಲ್ಯಾಬ್ ಸಾರ್ ಲಾರಿಯ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆಯ ಪಾಳಿ ಬಿಟ್ಟು ಬಂದವರು, ಆ ತೋಟದಿಂದ ಆಳಿನ ಕೈಲಿ ಕೊಂಡು ತರಿಸಿದ್ದ ಕಾಯಿಯನ್ನೆಲ್ಲ ಕುಡಿದು ಇನ್ನೂ ಇದೆಯಾ ಅಂದರು. ಚಿಕ್ಕನಾಯಕನಹಳ್ಳಿಯಲ್ಲಿ ಮಾತ್ರ ಎರಡೂವರೆ ಗಂಟೆ ಕಾದರೂ ಒಬ್ಬರೂ ಬರಲಿಲ್ಲ. ಲಾರಿಯವನು ಕೈಮುಗಿದು ಬೇಡಿಕೊಂಡದ್ದಕ್ಕೆ ಇಳಿದು ಬಂದೆವು. ಅದನ್ನು ಅವರು ಸೋಲು ಅನ್ನಲಿಲ್ಲ. "ಚಿಕ್ಕನಾಯಕನಹಳ್ಳೀಲಿ ನಮ್ಮ ನಾಟಕ ಇನ್ನೂ ನಡೀತಾ ಇದೆ ಸಿಸ್ಟ್ರೇ," ಅಂತ ರಿಟೈರಾದ ಮೇಲೂ ಹೇಳುತ್ತಿದ್ದರು. ನಲವತ್ತರಷ್ಟು ಆಟ ಆಡಿ, ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟರು. ಯಾಕೆ ಅಂದರೆ ಹಾರಿಕೆಯ ಉತ್ತರ ಕೊಟ್ಟರು.

ಇಷ್ಟು ವರ್ಷ ಕಳೆದ ಮೇಲೆ ಒಬ್ಬ ಹುಡುಗ ಬಂದ, ಸಿನಿಮಾ ನಿರ್ದೇಶಕ. ನಾಟಕದ ಜೆರಾಕ್ಸ್ ಪ್ರತಿ ಯಾವುದೋ ಕಾಲೇಜಿನಲ್ಲಿ ಸಿಕ್ಕಿತಂತೆ. ಲ್ಯಾಬ್ ಸಾರ್ ಕಾಲಿಗೆ ಬಿದ್ದ, ಮಾತುಮಾತಿಗೆ ಗುರುಗಳೇ ಅಂದ, ನಾಟಕದ ಮಾತುಗಳನ್ನು ಬಾಯಿಪಾಠ ಒಪ್ಪಿಸಿದ. ಇವರು ಕರಗಿಹೋದರು. ಮೂರು ಮಾತು ಹೇಳಿ ಒಪ್ಪಂದಕ್ಕೆ ಸಹಿ ಹಾಕಿದರು. ರೋಗ ಎಲ್ಲಿಂದ ಬಂತು ಅಂತ ತೋರಿಸಬಾರದು. ಕೊನೆಯಲ್ಲಿ ನೋಡುವವರನ್ನು ಸುಮ್ಮನೆ ಬಿಡಬಾರದು. ನಿಜವಾದ ಊರು, ತೋಟ, ಹೆಸರು ಯಾವುದೂ ಬರಬಾರದು. ಹುಡುಗ ಮೂರಕ್ಕೂ ತಲೆ ಆಡಿಸಿದ. ಕಾಗದದಲ್ಲಿ ಮೂರೂ ಇರಲಿಲ್ಲ.

ಸಿನಿಮಾದವರು ಜಾಗ ನೋಡಲು ಬಂದ ದಿನ ಲ್ಯಾಬ್ ಸಾರ್‌ಗೆ ಜ್ವರ. ಕರೆದುಕೊಂಡು ಹೋದವಳು ನಾನು. ಕಾರಿನಲ್ಲಿ ಮುಂದಿನ ಸೀಟು ಕೊಟ್ಟಿದ್ದರು, ದಾರಿಯುದ್ದಕ್ಕೂ ಮೇಡಂ ಮೇಡಂ ಅಂತ ಕರೆದಿದ್ದರು. ಆ ತೋಟದ ಬೇಲಿ ಬಂದಾಗ ನನ್ನ ನಾಲಿಗೆ ತಡೆಯಲಿಲ್ಲ. "ಇದೇ," ಅಂದೆ. ಬೇರೇನೂ ಹೇಳಲಿಲ್ಲ. ಬೇಲಿಯ ಆಚೆ ಗದ್ದುಗೆ ಕಾಣುತ್ತಿತ್ತು. ಹುಡುಗ ಕಾರು ನಿಲ್ಲಿಸಿ ಅರೆಗಳಿಗೆ ಕೈಮುಗಿದ. ಎಂಥ ಸಂಸ್ಕಾರ ಅಂತ ನಾನು ಮೆಚ್ಚಿಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಸಿನಿಮಾ ತಿಪಟೂರಿಗೆ ಬಂದಾಗ ನಾವಿಬ್ಬರೂ ಬೆಳಗಿನ ಆಟಕ್ಕೆ ಹೋದೆವು. ಶುರುವಿನಲ್ಲೇ 'ನೈಜ ಘಟನೆ ಆಧಾರಿತ' ಅಂತ ಬಂತು. ಅದರ ಕೆಳಗೆ ಅವರ ಹೆಸರು, ಹುದ್ದೆ, ಆಸ್ಪತ್ರೆ. ಹತ್ತು ನಿಮಿಷಕ್ಕೆ ಒಂದು ಢಾಬಾ, ಕೆಂಪು ಬಲ್ಬು, ಕುಣಿಯುವ ಹೆಂಗಸು, ಹಾಡು. ರೋಗ ಎಲ್ಲಿಂದ ಬಂತು ಅನ್ನುವುದು ಹಾಡಿನ ಸಮೇತ ತಿಳಿಯಿತು. ಬಾಗಿಲಲ್ಲಿ ನಿಂತು ಮಾತಾಡಿಸುತ್ತಿದ್ದ ಡಾಕ್ಟರು ಸಿನಿಮಾದಲ್ಲಿ ಹೀರೋ! ಗುಂಡಿಗೆ ಇಳಿದವನೂ ಅವನೇ. ಲ್ಯಾಬಿನವನೊಬ್ಬ ಇದ್ದ, ರಕ್ತ ಕಂಡರೆ ತಲೆಸುತ್ತಿ ಬೀಳುವವನು, ಜನರನ್ನು ನಗಿಸುವುದಕ್ಕೆ. ನಾನು ಪಕ್ಕಕ್ಕೆ ನೋಡಿದೆ. ಲ್ಯಾಬ್ ಸಾರ್ ನಗುತ್ತಿದ್ದರು. "ಪರವಾಗಿಲ್ಲ, ನನಗಿಂತ ಚೆನ್ನಾಗಿ ಮಾಡಿದ್ದಾನೆ," ಅಂದರು.

ಕೊನೆಯಲ್ಲಿ ಹೀರೋ ಎಳನೀರು ಕುಡಿದ, ನಿಧಾನವಾಗಿ, ಪಿಟೀಲಿನ ಜೊತೆ, ಗಲ್ಲದಿಂದ ನೀರು ತೊಟ್ಟಿಕ್ಕುವ ಹಾಗೆ. ಜನ ಚಪ್ಪಾಳೆ ತಟ್ಟಿ, ಸೀಟು ಮಡಚಿ, ಹೊರಗೆ ಬೋಂಡ ತಿನ್ನಲು ಹೋದರು. ಯಾರೂ ಏನೂ ಮಾಡಬೇಕಾಗಿರಲಿಲ್ಲ. ಸಿನಿಮಾ ತನ್ನಷ್ಟಕ್ಕೆ ತಾನೇ ಮುಗಿಯಿತು. ನನ್ನ ಮೈ ಉರಿದುಹೋಯಿತು.

ಲ್ಯಾಬ್ ಸಾರ್ ಎದ್ದಿರಲಿಲ್ಲ. ಕಡೆಯಲ್ಲಿ ಮೇಲಿನಿಂದ ತೆಗೆದ ಒಂದು ತೋಟ ಬಂದಿತ್ತು. ಗದ್ದುಗೆ, ಅದರ ಮೇಲೆ ಕೆತ್ತಿದ ಹೆಸರು, ಪಕ್ಕದ ಮನೆಯ ಹೆಂಚು.

"ಇದು ಇವರಿಗೆ ಹೇಗೆ ಸಿಕ್ತು ಸಿಸ್ಟ್ರೇ?"

ನಾನು ಹೇಳಿದೆ. ಹೇಳುವಾಗ ಅಳು ಬಂತು. ಅವರು ಖಾಲಿ ಪರದೆ ನೋಡುತ್ತಲೇ ಹೇಳಿದರು.

"ನಾನು ಬೈಯ್ಲಿ ಅಂತ ಕಾಯ್ತಿದ್ದೀರಿ. ಬೈಯಲ್ಲ. ಬೈದ್ರೆ ನಿಮಗೆ ಹಗುರ ಆಗ್ತದೆ."

ಅಲ್ಲಿಂದ ಶುರುವಾಯಿತು ಅವರ ಕೊನೆಯ ನಾಲ್ಕು ತಿಂಗಳು. ನಿರ್ದೇಶಕನಿಗೆ ಫೋನ್ ಮಾಡಿದರು. "ಗುರುಗಳೇ, ನಿಮ್ಮ ಹೆಸರು ನಮಗೆ ಹೆಮ್ಮೆ," ಅಂದ. ತೋಟದ ಚಿತ್ರ ತೆಗಿ ಅಂದರೆ, ಅದಕ್ಕೇ ಎಲ್ಲರೂ ಮೆಚ್ಚಿದ್ದಾರೆ ಅಂದ. ಹಸಿರು ಶಾಯಿಯಲ್ಲಿ ಪತ್ರ ಬರೆದರು. ಬೆಳಗಿನ ರೈಲು ಹತ್ತಿ ಬೆಂಗಳೂರಿನ ಅವರ ಆಫೀಸಿಗೆ ಮೂರು ಸಲ ಹೋದರು. ಮೂರನೆಯ ಸಲ ನಾನೂ ಜೊತೆಗಿದ್ದೆ. ಗಾಜಿನ ಬಾಗಿಲಿನ ಆಚೆ ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಕೇಳಿಸಿತು: "ಇನ್ನೂ ಎಷ್ಟು ಬೇಕಂತೆ ಆ ಯಜಮಾನ್ರಿಗೆ?" ಲ್ಯಾಬ್ ಸಾರ್ ಬಾಗಿಲು ತಳ್ಳಿ ಒಳಗೆ ಹೋಗಿ, "ಏನೂ ಬೇಡಪ್ಪ. ಕೊಟ್ಟಿರೋದನ್ನ ವಾಪಸ್ ತಗೊಳ್ಳಿ, ಹೆಸರನ್ನ," ಅಂದರು. ಒಳಗಿದ್ದವರು ಕಾಫಿ ತರಿಸಿದರು. ಕಾಫಿಯೊಂದಕ್ಕೆ ಮಾತ್ರ ಆ ಆಫೀಸಿನಲ್ಲಿ ಕೊರತೆ ಇರಲಿಲ್ಲ.

ಅಷ್ಟರಲ್ಲಿ ಸಿನಿಮಾ ಎಲ್ಲರ ಮೊಬೈಲಿಗೆ ಬಂದಿತ್ತು. ಒಬ್ಬ ಪುಣ್ಯಾತ್ಮ ಸಿನಿಮಾದಲ್ಲಿದ್ದ ಹೆಸರು ಹಿಡಿದು ಆಸ್ಪತ್ರೆಗೆ ಹೋಗಿ, ಅಲ್ಲಿಂದ ಹಳೆಯ ಜನರನ್ನು ಕೇಳಿಕೊಂಡು, ತೋಟ ಹುಡುಕಿ, ಬೇಲಿಯ ಹೊರಗೆ ನಿಂತು 'ಇದೇ ಆ ನಿಜವಾದ ಮನೆ' ಅಂತ ವಿಡಿಯೋ ಹಾಕಿದ. ಕಡ್ಡಿಬಾರು ಹಿಡಿದು ಅಂಗಳ ಗುಡಿಸುತ್ತಿದ್ದ ಆ ಹೆಂಗಸು ಅದರಲ್ಲಿ ಕಂಡಳು. ನಮ್ಮೂರಿನವರೇ ಒಬ್ಬರಿಗೊಬ್ಬರು ಕಳಿಸಿಕೊಂಡರು. ಮಂಡಿಯಲ್ಲಿ ನೋಡಿದರು, ಮದುವೆ ಮನೆಯಲ್ಲಿ ನೋಡಿದರು. ಅಪ್ಪ ಕಾಮಾಲೆಯಿಂದ ಸತ್ತ ಅಂತ ನಂಬಿಕೊಂಡಿದ್ದ ಮಗಳು ಹುಳಿಯಾರು ಕಡೆ ತನ್ನ ಗಂಡನ ಮನೆಯಲ್ಲಿ ನೋಡಿದಳು. ಸೊಂಟದಲ್ಲಿದ್ದ ಆ ಮಗು ಈಗ ಎರಡು ಮಕ್ಕಳ ತಾಯಿ. "ರಕ್ತದ ಚೀಟಿ ತಂದ್ಮೇಲೆ ಒಲೆ ಮುಟ್ಟು," ಅಂತ ಅತ್ತೆ ಅವಳನ್ನು ತವರಿಗೆ ಕಳಿಸಿದಳು. ಮೂವತ್ತು ವರ್ಷದ ಹಿಂದೆ ನಮಗೆ ತಿಳಿವಳಿಕೆ ಇರಲಿಲ್ಲ ಅನ್ನುತ್ತೇವಲ್ಲ, ಇವರಿಗೆ ಏನು ಕಡಿಮೆಯಾಗಿತ್ತು? ಎಲ್ಲರೂ ಸಿನಿಮಾ ನೋಡಿ ಅತ್ತವರೇ.

ಇದಾದ ಹದಿನೈದು ದಿನಕ್ಕೆ ಲ್ಯಾಬ್ ಸಾರ್ ಎದೆನೋವು ಅಂತ ಕೂತವರು ಏಳಲಿಲ್ಲ.

ಫ್ಲೆಕ್ಸಿನ ಹತ್ತಿರ ಹೆಸರು ತೆಗೆಸು ಅಂದ ಮಾರನೆಯ ದಿನ ನಾನು ಆ ಹೆಂಗಸಿನ ಮನೆಗೆ ಹೋದೆ. ತಪ್ಪು ಒಪ್ಪಿಕೊಳ್ಳುವುದಕ್ಕೆ. ಅವಳು ಜಗಲಿಯ ಮೇಲೆ ಕೊಬ್ಬರಿ ಆಯುತ್ತಿದ್ದಳು, ತಲೆ ಪೂರ್ತಿ ನೆರೆದಿತ್ತು. ಮಗಳು ಒಳಗಿದ್ದಳು, ಹೊರಗೆ ಬರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ: ಕಾರು, ಬೇಲಿ, ಇದೇ ಅಂದದ್ದು. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನಾಟ್ಕದಾಗೆ ನನ್ ಪಾಲ್ಟು ಮಾಡಿದ್ದು ನೀವೇ ಅಂತಲ್ಲಾ, ಸಿಸ್ಟ್ರಮ್ಮ?"

"ಹೌದಕ್ಕ."

"ಎಷ್ಟ್ ಸಲ?"

"ನಲವತ್ತು ಇರಬಹುದು."

"ಒಂದ್ ಸಲಾನಾದ್ರೂ ನನ್ನ ಬಂದ್ ಕೇಳಿದ್ರಾ?"

ಅವಳು ಇನ್ನೊಂದು ಕೊಬ್ಬರಿ ಕೈಗೆತ್ತಿಕೊಂಡಳು.

"ಅವ್ರೂ ಕೇಳಿರ್ಲಿಲ್ಲ. ದೇವ್ರಂತೋರು, ಇಲ್ಲ ಅನ್ನಲ್ಲ. ನನ್ ಗಂಡನ್ನ ಗುಂಡೀಲಿ ಕೂರ್ಸಿದೋರು. ಆದ್ರೆ ಕೇಳ್ಲಿಲ್ಲ. ಒಂದ್ಸಲ ತಿಪಟೂರು ಸಂತೇಗೆ ಹೋದೋಳು ಜನ ಸೇರೌರೆ ಅಂತ ನೋಡ್ದೆ. ಲಾರಿ ಮ್ಯಾಲೆ ನೀವು ನನ್ ತಟ್ಟೇಲಿ ಉಣ್ತಾ ಇದ್ರಿ, ಎಲ್ರೂ ಅಳ್ತಾ ಇದ್ರು. ಅವ್ರು ಮಂಚದ ಮ್ಯಾಲಿಂದ ನನ್ನ ನೋಡಿದ್ರು. ಮಾತು ಮರ್ತೋಯ್ತು ಅವ್ರಿಗೆ."

ಅದೇ ನಮ್ಮ ಕೊನೆಯ ಆಟ. ಅವರು ಮಾತು ಮರೆತದ್ದು ನನಗೆ ನೆನಪಿತ್ತು, ಜ್ವರ ಅಂದುಕೊಂಡಿದ್ದೆ.

"ನೀವು ಉಂಡಿದ್ದೂ ಸುಳ್ಳು ಕಣ್ರೀ," ಅಂದಳು. "ಪ್ರೀತಿಗೆ ಉಂಡೆ ಅಂತ ಮಾಡ್ಬುಟ್ರಿ. ಮನೇಲಿ ನಮ್ಮತ್ತೆ ನಮ್ಮಿಬ್ರಿಗೂ ಸೇರಿ ಅಂತ ಅದೊಂದೇ ತಟ್ಟೆ ಮಡಗಿದ್ಲು. ಬ್ಯಾರೇದು ಮುಟ್ಟಂಗಿರ್ಲಿಲ್ಲ. ನಂಗ್ ಹಸಿವು. ಅದ್ರಾಗ್ ಉಂಡೆ. ನಂಗೂ ಹೇಸ್ಗೆ ಆಗ್ತಿತ್ತು."

ಸಿನಿಮಾದವರನ್ನು ಬೈದೂ ಬೈದೂ ನನ್ನ ಗಂಟಲು ಒಣಗಿತ್ತು. ನಲವತ್ತು ಸಲ ನಾನು ಮಾಡಿದ್ದೇನು? ಅವರು ಬರೆದದ್ದೇನು? ಆ ಮನುಷ್ಯನನ್ನು ನಾನು ಈಗಲೂ ತಲೆಯ ಮೇಲೆ ಹೊತ್ತುಕೊಳ್ಳುತ್ತೇನೆ. ಅಷ್ಟು ದೊಡ್ಡವರು ಇದೊಂದನ್ನು ಮರೆತರಲ್ಲ ಅಂತ ಅವರ ಮೇಲೂ ಸಿಟ್ಟು ಬಂತು.

"ತೀರ್ಕೊಳಾಕ್ ಮುಂಚೆ ಬಂದಿದ್ರು," ಅಂದಳು ಅವಳು. "ಆ ಗೇಟ್ ತಾವ ನಿಂತ್ಕಂಡು ತಪ್ಪಾಯ್ತು ತಾಯಿ ಅಂದ್ರು. ಬಿಸ್ಲು. ನಾನು ಒಳೀಕ್ ಬನ್ನಿ ಅನ್ಲಿಲ್ಲ. ಸಿಟ್ಟಿತ್ತು. ಈಗ ಅನ್ಬೇಕಿತ್ತು ಅನ್ಸುತ್ತೆ. ಹೋಯ್ತಲ್ಲ."

ಲ್ಯಾಬ್ ಸಾರ್ ಬಗ್ಗೆ ನಾಲ್ಕು ಮಾತು ಬರೆಯಬಹುದಾ ಅಂತ ಆಗ ಕೇಳಿದೆ. ನನ್ನ ಬದುಕಿನಲ್ಲಿ ಮೊದಲ ಸಲ.

ಅವಳು ಯೋಚಿಸಿ ಹೇಳಿದಳು. "ಬರೀರಿ. ನನ್ ಹೆಸ್ರು ಬ್ಯಾಡ, ಊರು ಬ್ಯಾಡ. ಅವ್ರ ಹೆಸ್ರೂ ಬ್ಯಾಡ. ತಟ್ಟೆ ಇಸ್ಯ ಮಾತ್ರ ಸರ್ಯಾಗ್ ಬರೀರಿ."

ಆಮೇಲೆ ಕೊಬ್ಬರಿಯನ್ನು ಪಕ್ಕಕ್ಕೆ ಸರಿಸಿ ಎದ್ದಳು. ಸೆರಗು ಕೊಡವಿಕೊಂಡು, ಒಳಗಿನ ಕಡೆ ತಿರುಗಿ, "ಮಗಾ, ಸೀರೆ ಉಟ್ಕೋ," ಅಂತ ಕೂಗಿದಳು.

"ಬೀಗರ ಮನೇಗ್ ಹೋಯ್ತಾ ಇವ್ನಿ. ಚೀಟಿ ಗೀಟಿ ತಗಂಡಲ್ಲ, ಬರೀಗೈಲಿ. ಮಾತಾಡ್ಬೇಕು. ನೀವೂ ಬನ್ನಿ ಸಿಸ್ಟ್ರಮ್ಮ. ಈ ಸಲ ನನ್ ಪಾಲ್ಟು ನಾನೇ ಮಾಡ್ತೀನಿ, ನೀವು ಸುಮ್ಕೆ ಕೂತಿರಿ."

ಹೋದೆ. ಹುಳಿಯಾರು ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಆ ಮನೆಯ ಪಡಸಾಲೆಯಲ್ಲಿ ಬೀಗರು, ಬೀಗಿತ್ತಿ, ಅಳಿಯ, ನೆರೆಯ ನಾಲ್ಕು ಜನ. ಅವಳು ನಿಂತುಕೊಂಡೇ ಮಾತಾಡಿದಳು. ನಾನು ಬಾಗಿಲ ಪಕ್ಕ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅವಳು ಅಲ್ಲಿ ಏನು ಹೇಳಿದಳು ಅನ್ನುವುದನ್ನು ಬರೆಯುವುದಿಲ್ಲ. ಅದನ್ನು ಬರೆಯಲಾ ಅಂತ ನಾನು ಅವಳನ್ನು ಕೇಳಿಲ್ಲ.